ಬಟ್ಟೆ ಕಟ್ಟಿದ ಡಬ್ಬ

ಫೆಬ್ರವರಿ 9

ಸೊಸೆಗೆ,

ನಾನು ಇದ್ದೇನೆ. ನೀವಿಬ್ಬರೂ ಇದ್ದೀರಿ ಎಂದುಕೊಂಡಿದ್ದೇನೆ.

ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಉಳಿದರ್ಧ ತಪ್ಪಾಗಿ ಕೇಳಿಸುತ್ತದೆ. ಜೀವಮಾನವೆಲ್ಲ ದೋಣಿಯ ಮೋಟರಿನ ಪಕ್ಕ ಕೂತವನ ಕಿವಿ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರಿಗೂ ನನಗೂ ಜಗಳವಾಗಿ ಇಬ್ಬರಲ್ಲಿ ಒಬ್ಬರು ಶಾಲೆ ಬಿಡಬೇಕಾಯಿತು. ಅವರಿಗೆ ಸಂಬಳ ಬರುತ್ತಿತ್ತು, ನಾನು ಬಿಟ್ಟೆ.

ವಿಷಯ ಇಷ್ಟು. ಮಗನ ದೋಣಿಯ ಮೋಟರ್ ಬಿಚ್ಚಲು ಶುರು ಮಾಡಿದ್ದೇನೆ.

ದೋಣಿ ಎಳೆದು ತಂದವರು ಅದನ್ನೂ ತಂದು ಹಿತ್ತಿಲ ಗೋಡೆಗೆ ಒರಗಿಸಿ ಹೋಗಿದ್ದರಲ್ಲ, ಅಲ್ಲೇ ಗೋಣಿಚೀಲ ಹೊದ್ದು ನಿಂತಿತ್ತು. ನಾನು ಅದರ ಕಡೆ ಮುಖ ಹಾಕದೆ ಬಚ್ಚಲಿಗೆ ಹೋಗಿ ಬರುತ್ತಿದ್ದೆ. ಮೊನ್ನೆ ದೋಣಿಕಟ್ಟೆಯ ಹತ್ತಿರ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ, "ಕುಡಿದು ಹೋಗಿದ್ದನೇನೋ. ಇಲ್ದಿದ್ರೆ ಅಂಥ ಮೋಟರ್ ಅಳಿವೆ ಬಾಯಲ್ಲಿ ಯಾಕೆ ನಿಲ್ಲುತ್ತೆ?" ಇಂಥದ್ದು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತದೆ. ನನ್ನ ಮಗ ಕುಡಿಯುತ್ತಿರಲಿಲ್ಲ. ಕುಡಿಯುತ್ತಿದ್ದವನು ನಾನು, ನಾನಿನ್ನೂ ಬದುಕಿದ್ದೇನೆ.

ಅವನು ಹೇಗೆ ಹೋದ ಎಂದು ಎಲ್ಲರೂ ಹೇಳುತ್ತಾರೆ. ಹೊಳೆ ಕಡಲಿಗೆ ಸೇರುವ ಕಡೆ ಮೋಟರ್ ನಿಂತಿತು, ದೋಣಿ ಅಲೆಗೆ ಅಡ್ಡ ತಿರುಗಿತು, ಮಗುಚಿತು. ಸರಿ. ಮೋಟರ್ ಯಾಕೆ ನಿಂತಿತು ಎಂದು ಒಬ್ಬನೂ ಹೇಳುವುದಿಲ್ಲ. ಮನುಷ್ಯನಾದರೆ ಸುಮ್ಮನೆ ಮುನಿಸಿಕೊಂಡು ನಿಲ್ಲಬಹುದು. ಮೋಟರ್ ಹಾಗೆ ನಿಲ್ಲುವುದಿಲ್ಲ, ನಿಂತ ಕಾರಣವನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಅದನ್ನು ತೆಗೆದು ಆ ಕಟ್ಟೆಯವರ ಮುಂದೆ ಇಡುತ್ತೇನೆ. ಆಮೇಲೆ ಮೋಟರನ್ನು ಮೊದಲಿದ್ದ ಹಾಗೆ ಮಾಡುತ್ತೇನೆ.

ಅಷ್ಟರಲ್ಲಿ ನೀವು ಬನ್ನಿ. ನಾಲ್ಕು ದಿನ ಅಕ್ಕನ ಮನೆಯಲ್ಲಿ ಇದ್ದು ಬರುತ್ತೇನೆ ಅಂದಿದ್ದೆ. ನಿನ್ನ ಲೆಕ್ಕದ ನಾಲ್ಕು ದಿನ ಬಹಳ ಉದ್ದ. ನಿಮ್ಮ ಕೋಣೆ ಹಾಗೇ ಇದೆ. ನನ್ನ ಮೊಮ್ಮಗಳು ಬುಗುರಿ ಇಲ್ಲದೆ ಮನೆಯಲ್ಲಿ ಯಾವ ವಸ್ತುವೂ ಬೀಳುತ್ತಿಲ್ಲ.

ನಿನ್ನ ಮಾವ


ಫೆಬ್ರವರಿ 20

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಕ್ಕನ ಪರಿಚಯದವರ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಸಿಕ್ಕಿದೆ. ನನ್ನ ಪಾಲಿಗೆ ಬಂದದ್ದು ಜೇಬು. ಬೆಳಿಗ್ಗೆಯಿಂದ ಸಂಜೆವರೆಗೆ ಜೇಬು ಹೊಲಿಯುವುದು, ಬೇರೆ ಏನೂ ಯೋಚಿಸಬೇಕಾಗಿಲ್ಲ.

ಬುಗುರಿ ನಿಮ್ಮ ಕಾಗದವನ್ನು ನನ್ನಿಂದ ಕಿತ್ತುಕೊಂಡು ತಾನೇ ಓದಿದ ಹಾಗೆ ಮಾಡಿದಳು. "ತಾತ ಏನು ಬರೆದಿದಾರೆ?" ಅಂದೆ. "ಗೊರಕೆ ಹೊಡೀತಿದೀನಿ ಅಂತ ಬರೆದಿದಾರೆ" ಅಂದಳು.

ಮಾವ, ಮೋಟರ್ ಬಿಚ್ಚಲೇಬೇಕಾ? ಯಾರೋ ಏನೋ ಅಂದರೆ ಅಂದುಕೊಳ್ಳಲಿ. ಬುಗುರಿಯ ಅಪ್ಪ ಎಂಥವರು ಎಂದು ನಮಗೆ ಗೊತ್ತಿದೆಯಲ್ಲ. ನಿಮಗೆ ಸೊಂಟದ ನೋವು ಬೇರೆ. ಅದನ್ನು ಹಾಗೇ ಗುಜರಿಯವನಿಗೆ ಎತ್ತಿ ಕೊಟ್ಟುಬಿಡಿ.

ಶಾಲೆಗೆ ರಜೆ ಬಂದಾಗ ಬರುವ ವಿಚಾರ ಮಾಡುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಸೊಸೆ


ಮಾರ್ಚ್ 3

ಸೊಸೆಗೆ,

ಗುಜರಿಗೆ ಕೊಡು ಎಂದು ಇನ್ನೊಂದು ಸಲ ಬರೆಯಬೇಡ. ಅದನ್ನು ನೆಟ್ಟಗೆ ನಿಲ್ಲಿಸಲು ಮರದ ಚೌಕಟ್ಟು ಮಾಡಿ ಮುಂದಿನ ಕೋಣೆಗೇ ತಂದಿದ್ದೇನೆ. ಇಷ್ಟು ದಿನ ಹಿತ್ತಿಲಲ್ಲಿ ಹೊರಗಿನವನ ಹಾಗೆ ನಿಂತದ್ದು ಸಾಕು.

ಉಪ್ಪುನೀರು ಕುಡಿದ ಬೋಲ್ಟುಗಳು ಒಂದೂ ಅಲ್ಲಾಡುವುದಿಲ್ಲ. ಸೀಮೆಎಣ್ಣೆ ಬಿಟ್ಟು ಮೂರು ದಿನ ಕಾದೆ. ಬೆಂಕಿ ಹಿಡಿದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಬೈದೆ. ಎರಡು ಬೋಲ್ಟ್ ತಲೆ ಮುರಿದುಕೊಂಡವು. ಲೇತ್ ಅಂಗಡಿಯವನು ಬಂದು ಕೊರೆದು ತೆಗೆದ. ಬಂದವನು ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಜಾತಿಯಲ್ಲ. "ಯಜಮಾನ್ರೇ, ಮೋಟರಿಗಿಂತ ಮೊದಲು ನಿಮಗೇ ಪಿಸ್ಟನ್ ರಿಂಗ್ ಬದಲಾಯಿಸಬೇಕು, ಹೊಗೆ ಜಾಸ್ತಿ ಬರ್ತಿದೆ" ಅಂದ. "ನಿನ್ನ ಬಾಯಿಗೊಂದು ಗ್ಯಾಸ್ಕೆಟ್ ಕತ್ತರಿಸಿ ಮುಚ್ತೀನಿ, ತಾಳು" ಅಂದೆ. ಅವನು ನಕ್ಕ. ಆಮೇಲೆ ಮೋಟರಿನ ಮೇಲಿನ ತುಕ್ಕನ್ನು ಅಂಗೈಯಿಂದ ಮೆಲ್ಲಗೆ ಒರೆಸಿದ. ಒಳ್ಳೆಯವನು.

ಇಲ್ಲಿಯವರೆಗೆ ನೋಡಿದ್ದು ಹೇಳುತ್ತೇನೆ. ಪ್ಲಗ್ ಸರಿ ಇದೆ. ಪೆಟ್ರೋಲ್ ಬರುವ ಕೊಳವೆ ಎಲ್ಲೂ ಬಿರಿದಿಲ್ಲ. ಮೋಟರ್ ಕಾಯದಿರಲಿ ಎಂದು ಹೊರಗಿನ ನೀರನ್ನು ಮೇಲಕ್ಕೆ ಎಳೆಯುವ ಪಂಪ್ ಒಂದು ಕೆಳಗಿದೆ. ಅದರೊಳಗಿನ ರಬ್ಬರ್ ಚಕ್ರ ತೆಗೆದು ನೋಡಿದೆ. ಹೊಸದರ ಹಾಗಿದೆ, ಒಂದು ರೆಕ್ಕೆಯೂ ಮುರಿದಿಲ್ಲ. ಅವನೇ ಹಾಕಿದ್ದು. ಕೆಲಸ ಕಲಿಸುವಾಗ ಅವನನ್ನು ಎಷ್ಟು ಬೈದಿದ್ದೇನೋ, ನೋಡಿದರೆ ನನಗಿಂತ ಅಚ್ಚುಕಟ್ಟು.

ಪಿಸ್ಟನ್ ಮಾತ್ರ ಸಿಲಿಂಡರಿನೊಳಗೆ ಕಚ್ಚಿಕೊಂಡು ಕೂತಿದೆ. ಅದು ಹೊರಬಂದ ದಿನ ಎಲ್ಲ ಗೊತ್ತಾಗುತ್ತದೆ.

ವಿಚಾರ ಮಾಡುತ್ತೇನೆ ಎಂದರೆ ಏನು? ಬರುವುದಕ್ಕೆ ವಿಚಾರ ಯಾಕೆ, ಬಸ್ಸು ಸಾಕು.

ನಿನ್ನ ಮಾವ


ಮಾರ್ಚ್ 14

ಮಾವನವರಿಗೆ ನಮಸ್ಕಾರ.

ಬುಗುರಿಗೆ ಎರಡು ದಿನ ಜ್ವರ ಇತ್ತು, ಈಗ ಇಲ್ಲ. ಹಲ್ಲು ಒಂದು ಬಿದ್ದಿದೆ. ನಿಮಗೆ ಕಳಿಸಬೇಕಂತೆ, ತಾತನಿಗೆ ಹಲ್ಲು ಕಡಿಮೆ ಇವೆಯಲ್ಲ ಅಂತ.

ಪಿಸ್ಟನ್ ಹೊರಬಂದರೆ ಎಲ್ಲ ಗೊತ್ತಾಗುತ್ತದೆ ಎಂದು ಬರೆದಿದ್ದೀರಿ. ಏನು ಗೊತ್ತಾಗುತ್ತದೆ? ಇಷ್ಟು ದಿನ ಉಪ್ಪುನೀರಿನಲ್ಲಿದ್ದು ತುಕ್ಕು ಹಿಡಿದ ಮೇಲೆ ನಿಂತದ್ದು ಯಾಕೆ ಎಂದು ಖಚಿತವಾಗಿ ಹೇಳಲು ಆಗುತ್ತದಾ?

ನಿಮ್ಮ ಸೊಸೆ


ಮಾರ್ಚ್ 25

ಸೊಸೆಗೆ,

ಆಗುತ್ತದೆ. ಹೇಳುತ್ತೇನೆ, ಕೇಳು.

ಪಿಸ್ಟನ್ ನಿನ್ನೆ ಹೊರಬಂತು. ಸುತ್ತಲೂ ಉಜ್ಜಿ ಗೀರಿಹೋಗಿದೆ. ಅದರ ಲೋಹ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿದೆ. ತಂಪು ಸಾಲದೆಯೂ ಪಿಸ್ಟನ್ ಹೀಗೆ ಕಚ್ಚಬಹುದು, ಅದಕ್ಕೇ ಪಿಸ್ಟನ್ ತಿರುಗಿಸುವ ಕೆಳಗಿನ ಕ್ರ್ಯಾಂಕನ್ನೂ ಬಿಚ್ಚಿ ನೋಡಿದೆ. ಬೇರಿಂಗುಗಳು ನೀಲಿಗಟ್ಟಿವೆ. ಒಣಗಿದ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಸುಟ್ಟರೆ ಮಾತ್ರ ಆ ನೀಲಿ ಬರುತ್ತದೆ. ಇನ್ನೂ ಒಂದು ಇದೆ. ಎಣ್ಣೆ ಕುಡಿದ ಮೋಟರಿನ ತಳದಲ್ಲಿ ಯಾವಾಗಲೂ ಒಂದು ಪಸೆ ಉಳಿದಿರುತ್ತದೆ, ಆ ಜಾಗಕ್ಕೆ ತುಕ್ಕು ಸುಲಭವಾಗಿ ಹತ್ತುವುದಿಲ್ಲ. ಇದರ ತಳ ಪೂರ್ತಿ ಕೆಂಪು.

ಎಣ್ಣೆ ಇರಲಿಲ್ಲ. ಆ ದಿನ ನನ್ನ ಮಗ ಬರೀ ಪೆಟ್ರೋಲ್ ಹಾಕಿಕೊಂಡು ಹೋಗಿದ್ದ.

ಈ ಹಳೆಯ ಮೋಟರಿಗೆ ಬೇರೆ ಎಣ್ಣೆತೊಟ್ಟಿ ಇಲ್ಲ ಎಂದು ನಿನಗೆ ಗೊತ್ತು. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗೆ ಹೋಗಬೇಕು. ನಮ್ಮ ಮನೆಯಲ್ಲಿ ಎರಡು ಡಬ್ಬ. ಒಂದರಲ್ಲಿ ಬರೀ ಪೆಟ್ರೋಲ್, ಇನ್ನೊಂದರಲ್ಲಿ ಬೆರೆಸಿದ್ದು. ಬೆರೆಸಿದ ಡಬ್ಬದ ಹಿಡಿಗೆ ಬಟ್ಟೆಯ ಚೂರು ಕಟ್ಟುವುದು ನಿನ್ನ ಅತ್ತೆ ಮಾಡಿದ ಪದ್ಧತಿ. ಖಾಲಿಯಾದರೆ ಬಿಚ್ಚಿ ಮೊಳೆಗೆ ಸಿಕ್ಕಿಸುವುದು, ಬೆರೆಸಿದ ಮೇಲೆ ಮತ್ತೆ ಕಟ್ಟುವುದು. ಬೆಳಕು ಹರಿಯುವ ಮೊದಲು ಹೊರಡುವವನು ಕಣ್ಣು ಮುಚ್ಚಿಕೊಂಡು ತಡವಿದರೂ ಯಾವುದು ಯಾವುದು ಎಂದು ತಿಳಿಯಬೇಕು ಅಂತ. ಅಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಹಾಗಾದರೆ ಯಾರೋ ಎಣ್ಣೆ ಹಾಕದೆ ಬಟ್ಟೆ ಕಟ್ಟಿದ್ದಾರೆ. ಅವನು ಕಟ್ಟಿದ್ದಲ್ಲ, ಅವನು ಹಾಗೆ ಮಾಡುವವನಲ್ಲ. ದೋಣಿಯ ಜೊತೆಗಾರ ಆಗಾಗ ಮನೆಗೆ ಬಂದು ಡಬ್ಬ ತುಂಬಿಸಿ ಇಡುತ್ತಿದ್ದನಲ್ಲ, ಅವನದೇ ಕೆಲಸ. ತಲೆ ಎಲ್ಲೋ ಇಟ್ಟುಕೊಂಡು ಮಾಡಿದ್ದಾನೆ. ಅವನೋ, ಇನ್ನು ಯಾರೋ. ಯಾರೇ ಆಗಲಿ, ಇನ್ನು ಮುಂದೆ ನನ್ನ ಹೊಸಿಲು ತುಳಿಯಕೂಡದು. ನಾನಿರುವವರೆಗೆ ಅವರ ಮುಖ ನೋಡುವುದಿಲ್ಲ. ಬರೆದದ್ದು ಬರೆದೆ.

ಈಗ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ.

ಬುಗುರಿಯ ಹಲ್ಲು ಕಳಿಸು. ಕೂರಿಸಿಕೊಂಡು ನೋಡುತ್ತೇನೆ.

ನಿನ್ನ ಮಾವ


ಏಪ್ರಿಲ್ 19

ಮಾವನವರಿಗೆ,

ಬರೆಯಲು ತಡವಾಯಿತು. ಶಾಲೆ ತೆರೆಯುವ ಮೊದಲು ಬಟ್ಟೆ ಕೊಡಬೇಕೆಂದು ಅಂಗಡಿಯಲ್ಲಿ ಕೆಲಸ ಜಾಸ್ತಿ. ರಜೆಗೆ ಬರಲು ಆಗುವುದಿಲ್ಲ.

ನಿಮ್ಮನ್ನು ಕೆಲವು ವಿಷಯ ಕೇಳಬೇಕಿತ್ತು. ಸಿಟ್ಟು ಮಾಡಿಕೊಳ್ಳಬೇಡಿ.

ಎಣ್ಣೆ ಇಲ್ಲದೆ ಆ ಮೋಟರ್ ಎಷ್ಟು ದೂರ ಹೋಗುತ್ತದೆ? ಕಟ್ಟೆ ಬಿಟ್ಟ ಕೂಡಲೇ ಯಾಕೆ ನಿಲ್ಲಲಿಲ್ಲ? ಅಲ್ಲೇ ನಿಂತಿದ್ದರೆ ಬೈದುಕೊಂಡು ಹುಟ್ಟು ಹಾಕಿ ವಾಪಸು ಬರುತ್ತಿದ್ದರು.

ಬಟ್ಟೆ ಕಟ್ಟಿದ್ದ ಡಬ್ಬವನ್ನು ಅವರು ಮುಚ್ಚಳ ತೆಗೆದು ಮೂಸಿ ನೋಡಿರುವುದಿಲ್ಲವಾ?

ಆ ಬಟ್ಟೆಯನ್ನು ಅತ್ತೆ ಯಾವಾಗಲಾದರೂ ಒಗೆಯುತ್ತಿದ್ದರಾ? ಒಗೆದರೆ ಎಲ್ಲಿ ಒಣಗಿಸುತ್ತಿದ್ದರು?

ಮೋಟರ್ ಹಾಳಾಗುತ್ತಿದೆ ಎಂದು ಅವರಿಗೆ ಮೊದಲೇ ತಿಳಿದಿರುತ್ತದಾ?

ಸುಮ್ಮನೆ ಕೇಳಿದೆ. ಬುಗುರಿ ಚೆನ್ನಾಗಿದ್ದಾಳೆ. ಹಲ್ಲು ಕಳೆದುಹೋಯಿತು.

ನಿಮ್ಮ ಸೊಸೆ


ಏಪ್ರಿಲ್ 27

ಸೊಸೆಗೆ,

ಕಡೆಗೂ ನಿನಗೂ ತಿಳಿದುಕೊಳ್ಳಬೇಕು ಅನ್ನಿಸಿತಲ್ಲ. ನೀನು ಕಾಗದ ಬರೆಯದೆ ಕೂತಾಗ, ಹೊಸ ಊರು, ಹೊಸ ಕೆಲಸ, ಹಳೆಯದೆಲ್ಲ ಬೇಡವಾಗಿದೆ ಎಂದುಕೊಂಡಿದ್ದೆ. ಲೇತ್‌ನವನ ಮುಂದೆ ನಿನ್ನನ್ನು ಸ್ವಲ್ಪ ಬೈದೆ ಕೂಡ. ಅವನು, "ಅವರು ಅಲ್ಲಿ ಹೇಗಿದಾರೋ ಏನೋ, ನಿಮ್ಮ ನಾಲಿಗೆಗೂ ಸ್ವಲ್ಪ ಎಣ್ಣೆ ಬೆರೆಸ್ಕೊಳ್ಳಿ" ಅಂದ.

ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ನಿಧಾನಕ್ಕೆ ಓಡಿಸಿದರೆ ಸ್ವಲ್ಪ ದೂರ ಹೋಗುತ್ತದೆ. ಒಳಗೆ ಹಿಂದಿನ ದಿನದ ಪಸೆ ಇರುತ್ತದೆ. ಹೊಳೆಯ ಸಪಾಟು ನೀರಿನಲ್ಲಿ ಅವನು ಮೆಲ್ಲಗೆ ಹೋಗಿರುತ್ತಾನೆ. ಅಳಿವೆಯ ಅಲೆ ದಾಟಲು ಕೈಹಿಡಿ ತಿರುಗಿಸಿ ಪೂರ್ತಿ ಜೋರು ಕೊಡಬೇಕು. ಆಗಲೇ ಕಚ್ಚಿಕೊಳ್ಳುತ್ತದೆ. ಎಲ್ಲಿ ನಿಲ್ಲಬಾರದೋ ಅಲ್ಲೇ ನಿಲ್ಲುತ್ತದೆ.

ಮೂಸಿ ನೋಡುವುದು ಯಾಕೆ? ಬಟ್ಟೆ ಕಟ್ಟಿದೆ ಎಂದರೆ ಮನೆಯವರು ಬಾಯಿಬಿಟ್ಟು ಹೇಳಿದ ಹಾಗೆ. ನಾನು ಒಂದು ದಿನವೂ ಮೂಸಿದವನಲ್ಲ. ಮನೆಯವರ ಮಾತನ್ನು ಮೂಸಿ ನೋಡುತ್ತಾರೇನು?

ಬಟ್ಟೆಯನ್ನು ನಿನ್ನ ಅತ್ತೆ ಒಗೆದದ್ದು ನಾನು ಕಂಡಿಲ್ಲ. ಎಣ್ಣೆ ಬಟ್ಟೆಯನ್ನು ಯಾರು ಒಗೆಯುತ್ತಾರೆ? ಎಂಥ ಪ್ರಶ್ನೆ.

ಅವನಿಗೆ ತಿಳಿದಿರುತ್ತದೆ. ಕಚ್ಚುವ ಮೊದಲು ಮೋಟರ್ ಒಂದು ಸಲ ಕಿರುಚುತ್ತದೆ. ಆ ಸದ್ದಿಗೇ ಅವನಿಗೆ ಎಲ್ಲ ತಿಳಿದಿರುತ್ತದೆ.

ಇನ್ನೊಂದು ವಿಷಯ. ಮೊನ್ನೆ ಕಟ್ಟೆಯಲ್ಲಿ ಜೊತೆಗಾರ ಸಿಕ್ಕಿದ. ಬಲೆ ಬಿಡಿಸುತ್ತಾ ಕೂತಿದ್ದ. ಕಾಲರ್ ಹಿಡಿದು ಎಬ್ಬಿಸಿದೆ.

"ಡಬ್ಬ ತುಂಬಿಸಿಟ್ಟಿದ್ದು ನೀನೇನೋ?"

"ದೊಡ್ಡಪ್ಪ, ಕೈ ಬಿಡಿ. ಎಲ್ರೂ ನೋಡ್ತಿದಾರೆ."

"ನೋಡಲಿ. ನನ್ನ ಮಗನ್ನ ಒಣಮೋಟರ್ ಕೊಟ್ಟು ಕಳಿಸಿದವನು ಯಾರು ಅಂತ ಎಲ್ರೂ ನೋಡಲಿ."

ಅವನು ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಕೈಯಲ್ಲಿದ್ದ ಬಲೆ ಹಿಡಿದುಕೊಂಡೇ ನಿಂತ. ಕಾಲರ್ ಹರಿದು ನನ್ನ ಕೈಗೆ ಬಂತು. ಈಗ ಕಟ್ಟೆಯಲ್ಲಿ ಅವನ ಜೊತೆ ದೋಣಿ ಹತ್ತಲು ಜನ ಹಿಂದೆಮುಂದೆ ನೋಡುತ್ತಿದ್ದಾರಂತೆ. ನೋಡಲಿ. ನನಗೆ ಅಯ್ಯೋ ಅನ್ನಿಸಲಿಲ್ಲ.

ನಿನ್ನ ಮಾವ


ಮೇ 3

ಮಾವ,

ಅವನಲ್ಲ. ದಯವಿಟ್ಟು ಅವನನ್ನು ಏನೂ ಅನ್ನಬೇಡಿ. ಆ ವಾರ ಅವನು ಊರಲ್ಲೇ ಇರಲಿಲ್ಲ, ಹೆಂಡತಿಯ ತವರಿಗೆ ಹೋಗಿದ್ದ. ಡಬ್ಬ ಮುಟ್ಟಿದವನೇ ಅಲ್ಲ. ಅದಕ್ಕೇ ಆ ದಿನ ಇವರು ಒಬ್ಬರೇ ಹೊರಟದ್ದು. ತಾನು ಜೊತೆಗೆ ಇರಲಿಲ್ಲವಲ್ಲ ಎಂದು ಅವನಿಗೇ ಕೊರಗಿದೆ, ನಿಮಗೆ ಎದುರು ಮಾತಾಡದೆ ನಿಂತದ್ದು ಅದಕ್ಕೆ.

ನಾಲ್ಕು ಜನರ ಮುಂದೆ ಹಿಡಿದಿರಿ, ನಾಲ್ಕು ಜನರ ಮುಂದೆಯೇ ಅವನಲ್ಲ ಎಂದು ಹೇಳಿ. ಅವನ ಮಕ್ಕಳ ಅನ್ನ ಆ ದೋಣಿಯಲ್ಲೇ ಇದೆ. ಈ ಕಾಗದ ಓದಿದ ಕೂಡಲೇ ಹೋಗಿ ಮಾವ. ನನ್ನ ಆಣೆ.

ಡಬ್ಬದ ವಿಷಯ ನನ್ನನ್ನು ಮತ್ತೆ ಕೇಳಬೇಡಿ.


ಜೂನ್ 15

ಅಮ್ಮಾ,

ಹೇಗಿದ್ದೀಯ? ಬುಗುರಿ ಹೇಗಿದ್ದಾಳೆ? ನಿನ್ನ ಅಕ್ಕ, ಭಾವ, ಎಲ್ಲರೂ ಆರೋಗ್ಯವೇ? ಅಲ್ಲಿ ಮಳೆ ಶುರುವಾಯಿತೇ? ಇಲ್ಲಿ ಆಗಿದೆ. ನನ್ನ ಸೊಂಟ ಪರವಾಗಿಲ್ಲ. ಊಟವನ್ನೂ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ.

ಇಷ್ಟು ದಿನ ಬರೆಯಲಿಲ್ಲ. ಕೆಲಸ ಇತ್ತು.

ನೀನು ಹೇಳಿದ ಹಾಗೆ ಜೊತೆಗಾರನ ಹತ್ತಿರ ಹೋದೆ. ಕಟ್ಟೆಗೇ ಹೋದೆ, ಎಲ್ಲರೂ ಇದ್ದರು. "ಇವನು ಆ ವಾರ ಊರಲ್ಲಿರಲಿಲ್ಲ, ನಾನು ಹೇಳಿದ್ದು ಸುಳ್ಳು" ಎಂದು ಜೋರಾಗಿ ಹೇಳಿದೆ. ಅವನು ಪಕ್ಕದ ಮರದ ದಿಮ್ಮಿ ಒರೆಸಿ, "ಕೂತ್ಕೊಳ್ಳಿ ದೊಡ್ಡಪ್ಪ, ಟೀ ಕುಡೀರಿ" ಅಂದ. "ಆ ಅಂಗಿ ಕೊಡು, ಕಾಲರ್ ಹೊಲಿಸಿಕೊಡ್ತೀನಿ" ಅಂದೆ. "ಅದನ್ನ ನನ್ನ ಹೆಂಡತಿ ಹೊಲಿದಾಯ್ತು" ಅಂದ. ಇಬ್ಬರೂ ಟೀ ಕುಡಿದೆವು. ಅವನು ಅತ್ತ. ನಾನು ಲೋಟ ನೋಡುತ್ತಾ ಕೂತಿದ್ದೆ.

ಇನ್ನೊಂದು ಮುಖ್ಯ ವಿಷಯ ಬರೆಯಬೇಕು. ಮೋಟರನ್ನು ಮತ್ತೊಮ್ಮೆ ಸರಿಯಾಗಿ ನೋಡಿದೆ. ಮೊದಲು ನೋಡಿದಾಗ ಕನ್ನಡಕ ಹಾಕಿರಲಿಲ್ಲ. ಎಣ್ಣೆಯದೇನೂ ತೊಂದರೆ ಇಲ್ಲ. ಎಣ್ಣೆ ಇತ್ತು. ಬೇಕಾದಷ್ಟು ಇತ್ತು. ನಿಂತದ್ದು ನೀರಿನ ಪಂಪಿನಿಂದ. ಅದರ ರಬ್ಬರ್ ಚಕ್ರದ ರೆಕ್ಕೆಗಳು ಮುರಿದುಹೋಗಿವೆ. ನೀರು ಮೇಲೇರದೆ ಮೋಟರ್ ಕಾದು ಕಚ್ಚಿಕೊಂಡಿದೆ. ಇದರಲ್ಲಿ ಮನೆಯವರ ತಪ್ಪು, ಹೊರಗಿನವರ ತಪ್ಪು ಎನ್ನುವುದೇ ಇಲ್ಲ. ರಬ್ಬರ್ ಯಾವಾಗ ಬೇಕಾದರೂ ಮುರಿಯುತ್ತದೆ, ಯಾರ ಕೈಯಲ್ಲೂ ಇಲ್ಲ. ಲೇತ್‌ನವನನ್ನು ಬೇಕಾದರೆ ಕೇಳು, ಅವನೂ ಹಾಗೇ ಹೇಳುತ್ತಾನೆ.

ಬಟ್ಟೆಗಿಟ್ಟೆ ಎಂದು ನಾನು ಬರೆದದ್ದೆಲ್ಲ ತಲೆಕೆಟ್ಟು ಬರೆದದ್ದು. ಆ ಕಾಗದ ಒಲೆಗೆ ಹಾಕು.

ಸಿಲಿಂಡರ್ ಕೊರೆಸಿ, ಗುಜರಿಯಲ್ಲಿ ಸಿಕ್ಕ ಇದೇ ಜಾತಿಯ ಇನ್ನೊಂದು ಮೋಟರಿನ ಕ್ರ್ಯಾಂಕ್ ಹಾಕಿದ್ದೇನೆ. ಪಿಸ್ಟನ್ ಹೊಸದು. ಕೆಲಸ ಮುಗಿಯುತ್ತಾ ಬಂತು. ಬಾ ಅಮ್ಮಾ.

ಮಾವ


ಜೂನ್ 24

ಮಾವನವರಿಗೆ ನಮಸ್ಕಾರ.

ನಾವಿಬ್ಬರೂ ಆರೋಗ್ಯ. ಇಲ್ಲಿಯೂ ಮಳೆ ಶುರುವಾಗಿದೆ.

ನಿಮಗೆ ಸುಳ್ಳು ಹೇಳಲು ಬರುವುದಿಲ್ಲ. ನನ್ನ ಅಕ್ಕನ ಆರೋಗ್ಯ ನೀವು ಇದುವರೆಗೆ ಒಂದು ಸಲವೂ ಕೇಳಿದವರಲ್ಲ. ಓದುತ್ತಿದ್ದ ಹಾಗೆಯೇ ಏನೋ ಇದೆ ಅನ್ನಿಸಿತು.

ಪಂಪಿನ ಚಕ್ರ ಹೊಸದರ ಹಾಗಿದೆ, ಒಂದು ರೆಕ್ಕೆಯೂ ಮುರಿದಿಲ್ಲ ಎಂದು ಮಾರ್ಚಿನಲ್ಲಿ ನೀವೇ ಬರೆದಿದ್ದೀರಿ. ಅದನ್ನು ಹಾಕುವಾಗ ದೀಪ ಹಿಡಿದು ನಿಂತವಳು ನಾನು. ಒಳಗಿನ ಬೇರಿಂಗ್ ಕನ್ನಡಕ ಇಲ್ಲದೆ ನೀಲಿ, ಕನ್ನಡಕ ಹಾಕಿದರೆ ಬಿಳಿ ಆಗುವುದಿಲ್ಲ.

ನಿಮಗೆ ಗೊತ್ತಾಗಿದೆ. ಅದು ನನಗೂ ಗೊತ್ತಾಯಿತು.

ಯಾರೇ ಆದರೂ ಹೊಸಿಲು ತುಳಿಯಕೂಡದು ಎಂದು ನೀವು ಬರೆದದ್ದು ಸರಿಯಾಗಿಯೇ ಇತ್ತು. ಅದು ನನ್ನ ಹೆಸರಿಗೆ ಬಂದ ಕಾಗದ. ಓದಿದ ದಿನ ಅಂಗಡಿಯಲ್ಲಿ ಜೇಬುಗಳನ್ನೆಲ್ಲ ಬಾಯಿ ಮುಚ್ಚಿ ಹೊಲಿದಿದ್ದೆ. ಎಲ್ಲ ಬಿಚ್ಚಿಸಿದರು.

ಬುಗುರಿಯನ್ನು ಇಲ್ಲಿಯ ಶಾಲೆಗೆ ಸೇರಿಸಿದ್ದೇನೆ. ಇನ್ನು ನಾವು ಬರುವುದಿಲ್ಲ. ಅವಳನ್ನು ನೋಡಬೇಕು ಅನ್ನಿಸಿದಾಗ ಬರೆಯಿರಿ, ಅಕ್ಕನ ಜೊತೆ ಕಳಿಸುತ್ತೇನೆ. ಅವಳ ಮೇಲೆ ನಿಮಗೆ ಸಿಟ್ಟು ಬೇಡ.

ಮೋಟರ್ ಜೊತೆಗಾರನಿಗೆ ಕೊಟ್ಟುಬಿಡಿ.

ನಿಮ್ಮ ಸೊಸೆ


ಜುಲೈ 2

ಅಮ್ಮಾ,

ಪಂಪ್ ಎಂದು ಬರೆದದ್ದು ಸುಳ್ಳು. ಬರೆಯುವುದಕ್ಕೆ ಒಂದು ತಿಂಗಳು ಹಿಡಿಯಿತು, ಆದರೂ ಚೆನ್ನಾಗಿ ಬರಲಿಲ್ಲ. ನಿನ್ನ ಕಾಗದಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಓದಿದೆ. ಒಗೆದರೆ ಎಲ್ಲಿ ಒಣಗಿಸುತ್ತಿದ್ದರು ಎಂದು ನೀನು ಕೇಳಿದಾಗಲೇ ನನಗೆ ತಿಳಿಯಬೇಕಿತ್ತು. ಎಂಥ ಪ್ರಶ್ನೆ ಎಂದು ಬೈದು ಕಳಿಸಿದೆ.

ಇನ್ನು ನೀನು ಹೇಳುವುದು ಬೇಡ, ನಾನೇ ಬರೆಯುತ್ತೇನೆ. ಒಂದು ಸಲ ಬರೆದು ಮುಗಿಸೋಣ.

ಆ ಬಟ್ಟೆ ನಾರುತ್ತಿತ್ತು. ನೀನು ಕಂಡದ್ದನ್ನೆಲ್ಲ ಒಗೆಯುವವಳು. ಮದುವೆಯಾಗಿ ಬಂದ ವಾರವೇ ನನ್ನ ಟೊಪ್ಪಿ ಒಗೆದು ಅದು ಕುಗ್ಗಿ, ಕಡೆಗೆ ಬುಗುರಿಯ ಗೊಂಬೆಯ ತಲೆಗೆ ಹೋಯಿತು. ಮೊಳೆಯ ಮೇಲಿದ್ದ ಬಟ್ಟೆಯನ್ನೂ ನೀನು ಹಾಗೇ ಒಗೆದೆ. ಗಾಳಿಗೆ ಹಾರಿಹೋಗದಿರಲಿ ಎಂದು ಕೈಗೆ ಹತ್ತಿರ ಸಿಕ್ಕ ಡಬ್ಬದ ಹಿಡಿಗೆ ಕಟ್ಟಿದೆ. ಒಣಗಲಿ ಎಂದು ಕಟ್ಟಿದೆ. ಅದು ಬರೀ ಪೆಟ್ರೋಲಿನ ಡಬ್ಬ. ಅವನು ಮಾರನೆಯ ದಿನ ಕತ್ತಲಲ್ಲಿ ತಡವಿದ, ಬಟ್ಟೆ ಸಿಕ್ಕಿತು, ಮನೆಯವರು ಬೆರೆಸಿಟ್ಟಿದ್ದಾರೆ ಎಂದುಕೊಂಡು ಎತ್ತಿಕೊಂಡು ಹೋದ.

ಇಷ್ಟೇ ನಡೆದದ್ದು. ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಹೊರಟು ಹೊಡೆದು ಹಾಕಿದೆ. ಮೇಲೆ ಗೀಚಿರುವುದು ಅದೇ. ಅದನ್ನು ಬರೆಯಲು ನಾನು ಯಾರು ಎಂದು ಗೊತ್ತಾಗಲಿಲ್ಲ. ಸಿಟ್ಟು ಇದೆಯಾ ಎಂದು ಕೇಳಿದರೆ, ಇದೆ. ಕೆಲವು ದಿನ ನಿನ್ನ ಮೇಲೆ ಬರುತ್ತದೆ. ಕೆಲವು ದಿನ ಬಟ್ಟೆಯ ಪದ್ಧತಿ ಮಾಡಿದ ನಿನ್ನ ಅತ್ತೆಯ ಮೇಲೆ ಬರುತ್ತದೆ, ಅವಳು ಹೋಗಿ ಎಷ್ಟು ಕಾಲವಾಯಿತು. ಒಂದು ದಿನ ಮೂಸಿ ನೋಡದ ಅವನ ಮೇಲೂ ಬಂತು, ಕೂತು ಬೈದೆ. ಇದೆಲ್ಲ ಹೋದ ಮೇಲೆ ನೀನು ಬರಬೇಕು ಎಂದರೆ ನಾನು ಅಷ್ಟು ದಿನ ಇರುವುದಿಲ್ಲ. ಸಿಟ್ಟು ಇಟ್ಟುಕೊಂಡೂ ಒಂದೇ ಮನೆಯಲ್ಲಿ ಇರಬಹುದು. ನಿನ್ನ ಅತ್ತೆಯ ಜೊತೆ ನಾನು ಇದ್ದದ್ದು ಹಾಗೇ.

ಹೊಸಿಲಿನ ಮಾತು ನಾನು ಬರೆದದ್ದು, ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಟ್ಟೆಯವರಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಕುಡಿದು ಹೋಗಿದ್ದ ಎಂದುಕೊಳ್ಳುವವರು ಅಂದುಕೊಳ್ಳಲಿ. ಆ ಮಾತನ್ನು ನೀನು ಮೊದಲ ಕಾಗದದಲ್ಲಿ ಹೇಳಿದಾಗಲೇ ಕೇಳಬೇಕಿತ್ತು.

ಮೊನ್ನೆ ಮೋಟರನ್ನು ನೀರಿನ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದೆ. ಮೂರನೆಯ ಎಳೆತಕ್ಕೆ ಎದ್ದಿತು. ನನಗೆ ಸದ್ದು ಸರಿಯಾಗಿ ಕೇಳಿಸಲಿಲ್ಲ, ಮೇಲೆ ಕೈ ಇಟ್ಟು ನೋಡಿದೆ, ಒಂದೇ ಸಮ ಓಡುತ್ತಿತ್ತು. ಲೇತ್‌ನವನು ಕೈ ಹೊಡೆದು ಕುಣಿದ. ನಾನು ಸ್ವಲ್ಪ ಹೊತ್ತು ಕಾದೆ. ಏನಕ್ಕೆ ಕಾದೆನೋ. ಎದ್ದದ್ದು ಮೋಟರ್ ಮಾತ್ರ. ಆರಿಸಿ ಒಳಗೆ ಬಂದೆ.

ಜೊತೆಗಾರನಿಗೆ ಕೊಟ್ಟಿದ್ದೇನೆ. ಡಬ್ಬ ಮೂಸಿ ನೋಡಿ ಹಾಕು ಎಂದು ಹೇಳಿ ಕೊಟ್ಟೆ.

ಅಕ್ಕನ ಜೊತೆ ಬುಗುರಿಯನ್ನು ಕಳಿಸುವುದು ಬೇಡ. ಬಂದರೆ ಇಬ್ಬರೂ ಬನ್ನಿ.

ಮಾವ


ಸೆಪ್ಟೆಂಬರ್ 18

ಮಾವ,

ಈ ಕಾಗದ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬುಗುರಿ ಎಂದಾದರೂ ನಿಮಗೆ ಹೇಳಿಯೇ ಹೇಳುತ್ತಾಳೆ.

ಹೋದ ಭಾನುವಾರ ನಾವು ಬಂದಿದ್ದೆವು. ನಿಮಗೆ ತಿಳಿಸದೆ ಹೊರಟೆ, ತಿಳಿಸಿದರೆ ಬರಲೇಬೇಕಾಗುತ್ತದೆ ಎಂದು. ಬಸ್ಸಿನಲ್ಲಿ ಸರಿಯಾಗಿಯೇ ಇದ್ದೆ. ಇಳಿದು ನಡೆದೆವು. ಹಿಟ್ಟಿನ ಗಿರಣಿ ದಾಟಿದ ಮೇಲೆ ರಸ್ತೆ ತಿರುಗುತ್ತದಲ್ಲ, ಎಡಗಡೆ ಒಮ್ಮೆಲೇ ನೀರು ಕಾಣುತ್ತದೆ. ಅಲ್ಲಿ ನನ್ನ ಕಾಲು ನಿಂತುಬಿಟ್ಟಿತು. ನಮ್ಮ ಮನೆಯ ಹಂಚು ಕಾಣುತ್ತಿತ್ತು. ನೀವು ಬಾಗಿಲಲ್ಲಿ ಕೂತಿದ್ದಿರಿ, ಏನೋ ಉಜ್ಜುತ್ತಿದ್ದಿರಿ. ಬುಗುರಿ, "ತಾತ ಅಲ್ಲೇ ಇದಾರೆ, ಕೂಗ್ಲಾ?" ಅಂದಳು. "ಕೂಗಿದ್ರೂ ಕೇಳ್ಸಲ್ಲ" ಅಂದೆ.

ಗಿರಣಿಯ ಜಗಲಿಯ ಮೇಲೆ ಬಹಳ ಹೊತ್ತು ಕೂತೆವು. ಮುಂದಿನ ಬಸ್ಸಿಗೆ ವಾಪಸು ಬಂದೆವು.

ಮನೆಗೆ ಬರುವುದಕ್ಕೆ ಭಯವಿರಲಿಲ್ಲ ಮಾವ. ನೀರು ನೋಡಲು ಆಗಲಿಲ್ಲ.


ಸೆಪ್ಟೆಂಬರ್ 23

ಅಮ್ಮಾ,

ಅಷ್ಟು ದೂರ ಬಂದೆಯಲ್ಲ.

ಮುಂದಿನ ಸಲ ಬರೆದು ಹೊರಡು. ನಾನು ಗಿರಣಿಯ ಜಗಲಿಗೇ ಬಂದು ಕೂತಿರುತ್ತೇನೆ. ಎಷ್ಟು ಹೊತ್ತಾದರೂ ಪರವಾಗಿಲ್ಲ. ಅಲ್ಲಿಂದ ಮನೆವರೆಗೆ ನೀರಿನ ಕಡೆಗೆ ನಾನು ನಡೆಯುತ್ತೇನೆ, ನೀನು ಈಚೆ ಕಡೆ ನಡೆ. ನಾನು ಸಾಕಷ್ಟು ದಪ್ಪ ಇದ್ದೇನೆ, ನಿನಗೆ ಏನೂ ಕಾಣುವುದಿಲ್ಲ.

ಆ ದಿನವೂ ಕಾಲು ನಿಂತರೆ ಬಸ್ಸು ಹತ್ತಿಸಿ ಬರುತ್ತೇನೆ. ಅದರ ಮುಂದಿನ ಸಲ ನೋಡೋಣ.

ಮಾವ